ಸಂದಿಯಲ್ಲಿ ಸಿಕ್ಕಿಬಿದ್ದ ದಿಮ್ಮಿ

ಮದ್ರಾಸಿನ ಮಾಧವರಂ ಬಸ್ ಸ್ಟ್ಯಾಂಡಿನ ಹತ್ತಿರದ ಸಸ್ಯಾಹಾರಿ ಹೋಟೆಲು ಕಾಂತಪ್ಪನದು. ಅದರ ಮೇಲಿನ ಎರಡು ಕೋಣೆಗಳಲ್ಲಿ ಅವನ ತಮ್ಮ ದೀಕ್ಷಿತ್, ತಮ್ಮನ ಹೆಂಡತಿ ನಿಶ್ಮಿತಾ ಇದ್ದರು. ಅಪ್ಪ ತೀರಿಹೋದಾಗ ದೀಕ್ಷಿತ್ ಇನ್ನೂ ಹೈಸ್ಕೂಲಿನಲ್ಲಿದ್ದ. ಕಾಂತಪ್ಪನೇ ಅವನನ್ನು ತಮ್ಮೂರು ಬೆಳ್ಮಣ್ಣಿನಿಂದ ಮದ್ರಾಸಿಗೆ ಕರೆತಂದು, ಓದಿಸಿ, ಮದುವೆಯನ್ನೂ ಮಾಡಿಸಿದ್ದ. ಆ ಮನೆಯಲ್ಲಿ ಕಾಂತಪ್ಪನ ಮಾತಿಗೆ ಎದುರಾಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಅವನು ಕೂಗಾಡುವವನೂ ಅಲ್ಲ. ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿ, ಕೈತೊಳೆಯಲು ಎದ್ದು ಹೋಗುತ್ತಿದ್ದ. ಅಲ್ಲಿಗೆ ಆ ವಿಷಯ ಮುಗಿಯುತ್ತಿತ್ತು.

ನಿಶ್ಮಿತಾ ಮದುವೆಯಾಗಿ ಬಂದ ಮರುವಾರವೇ ಹೋಟೆಲಿನ ಕ್ಯಾಶಿನಲ್ಲಿ ಕೂತಿದ್ದಳು. ಬೆಳಗ್ಗೆ ಇಡ್ಲಿ ಬೇಯುವ ಹೊತ್ತಿಗೆ ಮೆಟ್ಟಿಲಿಳಿದರೆ ಶಟರ್ ಎಳೆದ ಮೇಲೆಯೇ ಮತ್ತೆ ಹತ್ತುವುದು. ಸಮುದ್ರ ಇರುವ ಊರಿನಲ್ಲೇ ಇದ್ದರೂ ಅವಳು ಅದನ್ನು ನೋಡಿದ್ದು ಎರಡೋ ಮೂರೋ ಸಲ. ಅದಕ್ಕೇ ದೀಕ್ಷಿತ್ ಮರ ಕೊಯ್ಯುವ ಯಂತ್ರದ ಮಾತು ತೆಗೆದಾಗ ಅವಳು ಅವನಿಗಿಂತ ಹೆಚ್ಚು ಆಸೆಯಿಂದ ಕೇಳಿಸಿಕೊಂಡಳು. ಚಂಡಮಾರುತ ಬಂದುಹೋದ ವರ್ಷ ಊರಿನ ತುಂಬ ಮರಗಳು ಉರುಳಿದ್ದವು. ಒಳ್ಳೊಳ್ಳೆಯ ಮಳೆಮರ, ಮಹಾಗನಿಗಳನ್ನೆಲ್ಲ ಜನ ತುಂಡು ತುಂಡು ಮಾಡಿ ಸೌದೆಗೆ ಕೊಡುತ್ತಿದ್ದರು. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಒಂದು ಸಣ್ಣ ಸಾಮಿಲ್ಲು ಇದ್ದರೆ ಮರ ಬಿದ್ದ ಮನೆಯ ಅಂಗಳದಲ್ಲೇ ನಿಂತು ಹಲಗೆ ಕೊಯ್ದು ಕೊಡಬಹುದು ಎಂದು ದೀಕ್ಷಿತ್ ಹೇಳಿದ. ಕಾಂತಪ್ಪ ಬಹಳ ಯೋಚಿಸಿ ಒಪ್ಪಿದ. ಮಿಲ್ಲು ಅವನ ಹೆಸರಿನಲ್ಲೇ ಬಂತು.

ಕೆಲಸ ಸಿಕ್ಕಿತು. ವಾರದಲ್ಲಿ ಎರಡು ದಿನ ನಿಶ್ಮಿತಾ ಕ್ಯಾಶನ್ನು ಓರಗಿತ್ತಿ ಬೇಬಿಗೆ ಬಿಟ್ಟು ಗಂಡನ ಜೊತೆ ಹೊರಟಳು. ಕೊಯ್ಯುವುದು ಅವರಿಗೆ ಬೇಗ ಕೈವಶವಾಯಿತು. ಕಷ್ಟವಾದದ್ದು ದಿಮ್ಮಿಯನ್ನು ಮಿಲ್ಲಿನವರೆಗೆ ತರುವುದು. ಮದ್ರಾಸಿನ ಹಳೆಯ ಮನೆಗಳಲ್ಲಿ ಮರ ಇರುವುದು ಹಿತ್ತಲಿನಲ್ಲಿ. ಮಿಲ್ಲು ನಿಲ್ಲುವುದು ಬೀದಿಯಲ್ಲಿ. ನಡುವೆ ಮನೆಯ ಪಕ್ಕದ ಇಕ್ಕಟ್ಟು ಸಂದಿ. ಕೂಲಿಯಾಳುಗಳನ್ನು ಕರೆದು, ಹಾರೆ ಹಾಕಿ, ಹಗ್ಗ ಕಟ್ಟಿ, ಪೈಪುಗಳ ಮೇಲೆ ಉರುಳಿಸಿ ತರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಇದಕ್ಕೊಂದು ಸಾಧನ ಬೇಕೇಬೇಕು ಎಂದಾಗ ಕಾಂತಪ್ಪ ಇಬ್ಬರನ್ನೂ ಊರಂಚಿನ ಮಣಲಿಗೆ ಕರೆದುಕೊಂಡು ಹೋದ.

ರಿಫೈನರಿಯ ವಾಸನೆ ಮೂಗಿಗೆ ಹೊಡೆಯುವಷ್ಟು ಹತ್ತಿರದಲ್ಲಿ ಹಳೆಯ ಯಂತ್ರಗಳ ಒಂದು ಯಾರ್ಡು ಇತ್ತು. ಅಲ್ಲಿ ಸಣ್ಣ ಕ್ರೇನ್ ಇತ್ತು, ಮುಂದೆ ಇಕ್ಕಳ ಜೋಡಿಸಿದ ಟ್ರ್ಯಾಕ್ಟರ್ ಇತ್ತು, ಪಿಕಪ್ಪಿಗೆ ಕೂರಿಸಿ ಉಕ್ಕಿನ ಹಗ್ಗ ಸುತ್ತಿ ಎಳೆಯುವ ವಿಂಚ್ ಇತ್ತು. ಒಂದು ಮೂಲೆಯಲ್ಲಿ ಎರಡು ಚಕ್ರಗಳ ಎತ್ತರದ ಗಾಡಿಯೊಂದು ನಿಂತಿತ್ತು. ಕಮಾನಿನ ಹಾಗೆ ಬಾಗಿದ ಕಬ್ಬಿಣದ ಚೌಕಟ್ಟು, ನಡುವೆ ಸರಪಣಿ ಎಳೆದು ಭಾರ ಎತ್ತುವ ಒಂದು ಚೈನ್ ಬ್ಲಾಕ್. ದಿಮ್ಮಿಯ ಮೇಲೆ ಗಾಡಿಯನ್ನು ತಂದು ನಿಲ್ಲಿಸಿ, ದಿಮ್ಮಿಯ ತಲೆಗೆ ಸರಪಣಿ ಸುತ್ತಿ ಮೇಲಕ್ಕೆತ್ತಿದರೆ ಮುಂಭಾಗ ನೆಲ ಬಿಟ್ಟು ಏಳುತ್ತದೆ. ಹಿಂಭಾಗ ಮಾತ್ರ ತೆವಳುತ್ತಾ ಬರುತ್ತದೆ. ನಿಶ್ಮಿತಾ ಅದರ ಸುತ್ತ ನಡೆದು, ಎರಡೂ ಕೈ ಚಾಚಿ ಅಗಲ ನೋಡಿದಳು.

"ಇದು ಸಂದಿಯಲ್ಲಿ ಹೋಗ್ತದೆ ಭಾವ," ಎಂದಳು. "ಕ್ರೇನು, ಟ್ರ್ಯಾಕ್ಟರು ಎರಡೂ ಗೇಟಿನಲ್ಲೇ ನಿಲ್ತವೆ."

"ಇದನ್ನು ತಳ್ಳುದು ಯಾರು?" ಕಾಂತಪ್ಪ ಕೇಳಿದ. "ಮತ್ತೆ ಆಳು ಬೇಕಾಗ್ತದೆ. ವಿಂಚ್ ಆದ್ರೆ ಬಟನ್ ಒತ್ತಿದ್ರೆ ಆಯ್ತು. ಅದೇ ಎಳ್ಕೊಂಡು ಬರ್ತದೆ."

"ವಿಂಚ್ ಬೇಡ ಅಂತ ಅಲ್ಲ ಭಾವ. ದಿಮ್ಮಿ ಮಿಲ್ಲಿನ ಮೇಲೆ ಹತ್ತಿಸ್ಲಿಕ್ಕೆ ಅದು ಒಳ್ಳೆದೇ. ಆದ್ರೆ ದೂರದಿಂದ ನೆಲದ ಮೇಲೆ ಎಳೆದ್ರೆ ಮೂತಿ ಮಣ್ಣಿಗೆ ಕಚ್ತದೆ. ಎಲ್ಲಿಗಾದ್ರೂ ತಾಗಿದ್ರೆ ಹಿಂದಿನ ಭಾಗ ಯಾವ ಕಡೆ ತಿರುಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ."

ಕಾಂತಪ್ಪ ತಮ್ಮನ ಕಡೆ ನೋಡಿದ. ದೀಕ್ಷಿತ್ ಗಾಡಿಯನ್ನೂ ವಿಂಚನ್ನೂ ಒಂದೊಂದು ಸಲ ನೋಡಿ, "ಅಣ್ಣ ಹೇಳಿದ ಹಾಗೆ," ಎಂದ. ಹಿಂದಿನ ರಾತ್ರಿ ಮಲಗುವ ಮುಂಚೆ ಕಮಾನು ಗಾಡಿಯ ಚಿತ್ರ ತೋರಿಸಿ, ನಮಗೆ ಬೇಕಾದದ್ದು ಇದೇ ಎಂದು ಹೆಂಡತಿಗೆ ಹೇಳಿದವನು ಅವನೇ. ಕಾಂತಪ್ಪ ಕೈತೊಳೆಯಲು ನಲ್ಲಿಯ ಕಡೆ ನಡೆದ.

ವಿಂಚ್ ಪಿಕಪ್ಪಿನ ಮೇಲೆ ಕೂತಿತು. ಅದರ ಮೊದಲ ಕೆಲಸ ವಿಷ್ಣುತೀರ್ಥರ ಮನೆಯಲ್ಲಿ ಬಂತು.

ವಿಷ್ಣುತೀರ್ಥರು ಮಾಧವರಂನ ಹಳೆಯ ಕಾಲೊನಿಯೊಂದರಲ್ಲಿದ್ದ ನಿವೃತ್ತ ಅಧಿಕಾರಿ. ಅವರ ಮನೆತನ ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಗಿ, ಮನೆಯ ಕನ್ನಡದಲ್ಲಿ ತಮಿಳು ಬೆರೆತಿತ್ತು. ಹಿತ್ತಲಿನಲ್ಲಿ ಬಿದ್ದ ಮಳೆಮರದ ಬುಡದ ದಿಮ್ಮಿಯನ್ನೂ ಅದರ ಮೇಲಿನ ಒಂದು ಸಣ್ಣ ತುಂಡನ್ನೂ ಮಾತ್ರ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಉಯ್ಯಾಲೆಗೆ ಒಂದು ಅಗಲವಾದ ಮಣೆ ಬೇಕೆಂಬುದು ಅವರ ಹೆಂಡತಿ ಲಕ್ಷ್ಮಿಯ ಆಸೆ. ಬುಡದ ದಿಮ್ಮಿ ಆಳೆತ್ತರಕ್ಕಿಂತ ಉದ್ದವಿತ್ತು. ಇಬ್ಬರು ತಬ್ಬಿದರೆ ಕೈಗೆ ಕೈ ಸಿಗಬೇಕು, ಅಷ್ಟು ದಪ್ಪ. ಸಂದಿಯ ಒಂದು ಕಡೆ ಮನೆಯ ಗೋಡೆ, ಅದರಲ್ಲಿ ಅಡುಗೆಮನೆಯ ಕಿಟಕಿ, ಸ್ವಲ್ಪ ಮುಂದೆ ಬಟ್ಟೆ ಒಗೆಯುವ ಕಲ್ಲು. ಇನ್ನೊಂದು ಕಡೆ ಹಳೆಯ ಕಾಂಪೌಂಡು ಗೋಡೆ.

ವಿಂಚ್ ಇದೆಯೆಂದು ಅವತ್ತು ಆಳುಗಳನ್ನು ಕರೆದಿರಲಿಲ್ಲ. ಕಾಂತಪ್ಪನೇ ಬಂದಿದ್ದ. ಬೀದಿಯಲ್ಲಿ ಪಿಕಪ್ಪಿನ ಪಕ್ಕ ರಿಮೋಟ್ ಹಿಡಿದು ನಿಂತ. ದೀಕ್ಷಿತ್ ಹಿತ್ತಲಿನ ತುದಿಯಲ್ಲಿ, ದಿಮ್ಮಿಯ ಹಿಂದೆ ಪೈಪು ಜೋಡಿಸುತ್ತಿದ್ದ. ನಿಶ್ಮಿತಾ ಹಾರೆ ಹಿಡಿದು ಅವನ ಹತ್ತಿರ ನಿಂತಿದ್ದಳು. ಉಕ್ಕಿನ ಹಗ್ಗ ಬಿಗಿಯಾಗಿ ದಿಮ್ಮಿ ನಿಧಾನಕ್ಕೆ ಸಂದಿಯೊಳಗೆ ಬಂತು. ಸ್ವಲ್ಪ ದೂರ ಬಂದಮೇಲೆ ಅದರ ಹಿಂಭಾಗ ಕಾಂಪೌಂಡು ಗೋಡೆಯನ್ನು ಉಜ್ಜತೊಡಗಿತು. ಗಾರೆ ಉದುರಿತು.

"ನಿಶ್ಮಿತಾ, ಆ ಬದಿಗೆ ಹೋಗಿ ಹಾರೆಯಲ್ಲಿ ಸ್ವಲ್ಪ ಈಚೆ ಒತ್ತು," ಕಾಂತಪ್ಪ ಬೀದಿಯಿಂದ ಕೂಗಿದ.

ಅಲ್ಲಿ ಹೋಗಬಾರದೆಂದು ಅವಳಿಗೆ ಗೊತ್ತಿತ್ತು. ಎಳೆಯುತ್ತಿರುವ ದಿಮ್ಮಿಗೂ ಗೋಡೆಗೂ ನಡುವೆ ನಿಲ್ಲಬಾರದೆಂದು ಅವಳೇ ಆಳುಗಳಿಗೆ ಎಷ್ಟೋ ಸಲ ಹೇಳಿದ್ದಳು. ಆದರೂ ಹೋದಳು. ಹಾರೆಯನ್ನು ಗೋಡೆಗೆ ಒತ್ತಿ ದಿಮ್ಮಿಯನ್ನು ಮನೆಯ ಕಡೆಗೆ ಮೀಟಿದಳು. ಅದು ಗೋಡೆಯನ್ನು ಬಿಟ್ಟಿತು. "ಸಾಕು, ನಿಲ್ಸಿ," ಎನ್ನುವಷ್ಟರಲ್ಲಿ ದಿಮ್ಮಿಯ ಮೂತಿ ಒಗೆಯುವ ಕಲ್ಲಿಗೆ ಬಡಿಯಿತು. ವಿಂಚ್ ಎಳೆಯುತ್ತಲೇ ಇತ್ತು. ಮುಂದೆ ಹೋಗಲಾರದ ದಿಮ್ಮಿ ಹಿಂದಿನಿಂದ ತಿರುಗಿತು. ನಿಶ್ಮಿತಾ ಬಲಗಾಲನ್ನು ಮೇಲೆಳೆದುಕೊಂಡಳು. ಎಡಗಾಲು ಮೊಣಕಾಲಿನ ಕೆಳಗೆ, ದಿಮ್ಮಿಗೂ ಗೋಡೆಗೂ ನಡುವೆ ಸಿಕ್ಕಿತು.

ಅವಳ ಕೂಗು ಕೇಳಿ ಕಾಂತಪ್ಪ ಬಟನ್ ಬಿಟ್ಟ. ಸದ್ದು ನಿಂತಿತು.

ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆಸಾಲು ಹೊರಗೆ ಚಾಚಿತ್ತು. ದಿಮ್ಮಿ ಅದಕ್ಕೆ ತಾಗಿ ನಿಂತದ್ದರಿಂದ ಕಾಲು ಜಜ್ಜಿಹೋಗಿರಲಿಲ್ಲ, ಆದರೆ ಕದಲಿಸುವಂತೆಯೂ ಇರಲಿಲ್ಲ. ದೀಕ್ಷಿತ್ ದಿಮ್ಮಿಯ ಮೇಲೆ ಹತ್ತಿ ಅವಳ ಹತ್ತಿರ ಬಂದ. ಭುಜ ಹಿಡಿದು ಎಳೆಯಲು ನೋಡಿದ. ಅವಳು ಹಲ್ಲು ಕಚ್ಚಿ, ಬೇಡವೆಂದು ತಲೆಯಾಡಿಸಿದಳು. ಅವನು ದಿಮ್ಮಿಯನ್ನು ತಳ್ಳಿ ನೋಡಿದ. ಅದು ಇನ್ನೊಂದು ಗೋಡೆಯೋ ಎಂಬಂತೆ ನಿಂತಿತ್ತು.

ಕಿಟಕಿಯ ಸರಳುಗಳ ಹಿಂದೆ ಲಕ್ಷ್ಮಿ ಬಂದು ನಿಂತರು. ವಿಷ್ಣುತೀರ್ಥರು ಮುಂದಿನ ಬಾಗಿಲಿನಿಂದ ಸಂದಿಯ ಬಾಯಿಗೆ ಬಂದರು.

"ಫೈರ್ ಸರ್ವೀಸ್‌ಗೆ ಫೋನ್ ಮಾಡಿದೀನಮ್ಮಾ. ಆಂಬುಲೆನ್ಸ್‌ಗೂ ಸೊಲ್ಲಿದೀನಿ. ಮೆಟ್ರೋ ಕೆಲಸಕ್ಕೆ ರೋಡು ತಿರುಗಿಸಿದಾರಲ್ಲ, ಸುತ್ತಿ ಬರಬೇಕಂತೆ. ಕೊಂಚ ತಡ್ಕೋ."

"ಅಲ್ಲಿವರೆಗೆ ಕಾಯುದು ಬೇಡ," ಕಾಂತಪ್ಪ ಹೇಳಿದ. "ನಾನೇ ಬಿಡಿಸ್ತೇನೆ. ಇನ್ನು ಸ್ವಲ್ಪ ಎಳೆದ್ರೆ ಮುಂದೆ ಬಂದುಬಿಡ್ತದೆ."

ಯಾರೂ ಏನೂ ಹೇಳುವ ಮೊದಲೇ ಅವನು ಬಟನ್ ಒತ್ತಿದ. ಹಗ್ಗ ಬಿಗಿಯಿತು. ದಿಮ್ಮಿ ಮುಂದೆ ಬರಲಿಲ್ಲ. ಕಲ್ಲಿಗೆ ಮೂತಿ ಕೊಟ್ಟು ಅದು ಇನ್ನಷ್ಟು ಗೋಡೆಯ ಕಡೆ ತಿರುಗಿತು. ಚಾಚಿದ್ದ ಇಟ್ಟಿಗೆಯೊಂದು ಪುಡಿಯಾಗಿ ಉದುರಿತು. ನಿಶ್ಮಿತಾಳಿಗೆ ಕಾಲಿನೊಳಗೆ ಏನೋ ಮುರಿದದ್ದು ಗೊತ್ತಾಯಿತು. ಈ ಸಲ ಅವಳ ಬಾಯಿಂದ ಕೂಗೂ ಬರಲಿಲ್ಲ. ಲಕ್ಷ್ಮಿಯೇ, "ನಿಲ್ಲಿಸಿ, ನಿಲ್ಲಿಸಿ," ಎಂದು ಚೀರಿದರು. ಕಾಂತಪ್ಪ ಕೈತೆಗೆದ.

ಕಣ್ಣಿಗೆ ಕವಿದ ಕತ್ತಲೆ ಸರಿದಾಗ ನಿಶ್ಮಿತಾಳಿಗೆ ಕಂಡದ್ದು ಎರಡು ಗೋಡೆಗಳ ನಡುವಿನ ಆಕಾಶದ ಒಂದು ಪಟ್ಟಿ. ಅದರ ಅಡ್ಡಕ್ಕೆ ಕೇಬಲ್ ಟಿವಿಯ ತಂತಿ. ಕಿಟಕಿಯಿಂದ ಲಕ್ಷ್ಮಿ ಕೈಚಾಚಿ ನೀರಿನ ಲೋಟ ಕೊಡಲು ನೋಡಿದರು. ಅದು ಅವಳ ಬೆರಳಿಗೆ ಸ್ವಲ್ಪದರಲ್ಲಿ ಎಟುಕಲಿಲ್ಲ. ಉಳಿದ ಇಟ್ಟಿಗೆಗಳನ್ನು ಅವಳು ನೋಡಿದಳು. ಅವೂ ಬಿರುಕು ಬಿಟ್ಟಿದ್ದವು. ಯಾರೂ ಮುಟ್ಟದಿದ್ದರೂ ದಿಮ್ಮಿಯ ಭಾರಕ್ಕೆ ಅವುಗಳಿಂದ ಕೆಂಪು ಪುಡಿ ಸಣ್ಣಗೆ ಸುರಿಯುತ್ತಿತ್ತು.

ಸಂದಿಯ ಬಾಯಿಯಲ್ಲಿ ಕಾಂತಪ್ಪ ಮಾತಾಡುತ್ತಲೇ ಇದ್ದ. "ನಿಧಾನ ಒತ್ತಿದ್ದೇ ತಪ್ಪಾಯ್ತು. ಒಂದೇ ಸಲ ಜೋರಾಗಿ ಎಳೀಬೇಕು. ಕಲ್ಲನ್ನೇ ಕಿತ್ಕೊಂಡು ಬರ್ತದೆ. ದೀಕ್ಷಿತ್, ನೀನು ಅವಳನ್ನು ಗಟ್ಟಿ ಹಿಡ್ಕೋ. ನಾನು ಮೂರು ಎಣಿಸ್ತೇನೆ."

"ಭಾವ, ಬೇಡ," ನಿಶ್ಮಿತಾ ಹೇಳಿದಳು. ಧ್ವನಿ ಸಂದಿಯ ಬಾಯಿಯವರೆಗೆ ಹೋಗಲಿಲ್ಲ.

ದೀಕ್ಷಿತ್ ದಿಮ್ಮಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವಳನ್ನು ನೋಡಿದ, ಅಣ್ಣನನ್ನು ನೋಡಿದ. ಎಳೆದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಅವಳಷ್ಟೇ ದಿಮ್ಮಿಗಳನ್ನು ಉರುಳಿಸಿದವನು. ಆದರೂ ಅವನ ಕೈಗಳು ಅವಳ ತೋಳಿನ ಕೆಳಗೆ ಬಂದವು. ಅಣ್ಣ ಹೇಳಿದಂತೆ ಅವನು ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಾಲಿನ ನೋವಿಗಿಂತ ಆ ಹಿಡಿತಕ್ಕೆ ನಿಶ್ಮಿತಾ ಹೆದರಿದಳು. ಅವಳ ಹಿಂದೆ ಗೋಡೆ, ಮುಂದೆ ದಿಮ್ಮಿ, ಮೇಲೆ ಗಂಡನ ಕೈ.

"ಒಂದು," ಕಾಂತಪ್ಪ ಎಣಿಸಿದ.

"ದೀಕ್ಷಿತ್, ನೀನು ಕೈ ತೆಗಿ," ನಿಶ್ಮಿತಾ ಹೇಳಿದಳು. "ಹೋಗಿ ಆ ರಿಮೋಟ್ ತಗೋ. ತಗೊಂಡು ಗಾಡಿಯ ಕೀ ತೆಗಿ."

ಕೋಣೆಯೊಳಗೆ ಇಬ್ಬರೇ ಇದ್ದಾಗ ಬಿಟ್ಟರೆ ಅವಳು ಗಂಡನನ್ನು ನೀನು ಅಂದವಳಲ್ಲ. ಭಾವನ ಎದುರಂತೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಕಾಂತಪ್ಪನ ಎಣಿಕೆ ನಿಂತಿತು. ದೀಕ್ಷಿತ್ ಅವಳ ಮುಖ ನೋಡಿದ, ಆದರೆ ಏಳಲಿಲ್ಲ.

"ನೀನು ಹೋಗದಿದ್ರೆ ನನ್ನ ಕಾಲು ಹೋಗ್ತದೆ," ಎಂದಳು. "ಭಾವನಿಗೆ ಇದು ಗೊತ್ತಿಲ್ಲ. ನಿನಗೆ ಗೊತ್ತುಂಟು."

ಅವನು ಕೈತೆಗೆದ. ದಿಮ್ಮಿಯ ಮೇಲಿಂದ ತೆವಳಿ, ಕಲ್ಲು ದಾಟಿ, ಸಂದಿಯ ಬಾಯಿಗೆ ಹೋದ. "ಕೊಡಿ ಅಣ್ಣ," ಎಂದು ಕೈಚಾಚಿದ. ಕಾಂತಪ್ಪ ಕೊಡಲಿಲ್ಲ. "ನಾನು ಬಿಡಿಸ್ತೇನೆ ಅಂತ ಹೇಳ್ತಿದ್ದೇನಲ್ಲ," ಎಂದ. ದೀಕ್ಷಿತ್ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ರಿಮೋಟನ್ನು ತೆಗೆದುಕೊಂಡ. ವಿಷ್ಣುತೀರ್ಥರು ಮುಖ ಬೇರೆ ಕಡೆ ತಿರುಗಿಸಿದರು.

ಮುಂದಿನದನ್ನು ನಿಶ್ಮಿತಾ ಸಿಕ್ಕಿಕೊಂಡಲ್ಲಿಂದಲೇ ಹೇಳಿದಳು. ಮಾತಾಡಿದರೆ ಪ್ರಜ್ಞೆ ತಪ್ಪದಿರಬಹುದೆಂದು ತೋರಿತ್ತು. ಮೊದಲು ಬೆಣೆ. ದಿಮ್ಮಿ ಇನ್ನು ಗೋಡೆಯ ಕಡೆ ಸರಿಯದಂತೆ ಅವಳ ಕಾಲಿನ ಎರಡೂ ಪಕ್ಕ ಮರದ ಬೆಣೆ ಬಿಗಿದ ದೀಕ್ಷಿತ್. ಆಮೇಲೆ ವಿಂಚನ್ನು ಹಿಂದಕ್ಕೆ ತಿರುಗಿಸಿ, ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಬಿಟ್ಟು, ಕೊಕ್ಕೆ ಕಳಚಿದ.

"ಕಬ್ಬಿಣದ ಹಾರೆಯಲ್ಲಿ ಮೀಟುವನಾ?" ಎಂದು ಕೇಳಿದ.

"ಬೇಡ. ಜಾರಿದ್ರೆ ವಾಪಸ್ ಬರ್ತದೆ. ಪಿಕಪ್ಪಿನ ಜಾಕಿ ತಾ. ತಿರುಪಿನದ್ದು, ಅಡ್ಡ ಇಟ್ರೂ ಕೆಲಸ ಮಾಡ್ತದೆ. ಗೋಡೆಗೆ ನೇರ ಇಡ್ಬೇಡ, ಗೋಡೆ ಹಳೆದು. ಮಿಲ್ಲಿನ ಅಡಿಗೆ ಇಡುವ ದಪ್ಪ ಹಲಗೆ ಉಂಟಲ್ಲ, ಅದನ್ನು ಗೋಡೆಗೆ ಒರಗಿಸಿ ಅದರ ಮೇಲೆ ಕೂರಿಸು."

ಜಾಕಿ ತಂದುಕೊಟ್ಟವನು ಕಾಂತಪ್ಪ. ಒಗೆಯುವ ಕಲ್ಲಿನ ಮೇಲೆ ಮಂಡಿಯೂರಿ ಅವನು ಅದನ್ನು ಚಾಚಿದಾಗ ಅದರ ಹಿಡಿಕೆ ದಿಮ್ಮಿಗೆ ಬಡಿದು ಕಟಕಟ ಅಂದಿತು. ಅವನು ನಿಶ್ಮಿತಾಳನ್ನು ನೋಡಲಿಲ್ಲ.

ದೀಕ್ಷಿತ್ ಜಾಕಿಯನ್ನು ಹಲಗೆಗೂ ದಿಮ್ಮಿಗೂ ನಡುವೆ ಅಡ್ಡಲಾಗಿ ಇಟ್ಟು ತಿರುಪತೊಡಗಿದ. ಮೊದಲು ಏನೂ ಆಗಲಿಲ್ಲ. ಗೋಡೆ ಕಿರುಗುಟ್ಟಿತು, ಹಲಗೆ ಬಾಗಿತು. ಆಮೇಲೆ ಒಂದು ನೂಲಿನಷ್ಟು ದಿಮ್ಮಿ ಸರಿಯಿತು. "ಬೆಣೆ ಬಡಿ," ಅವಳು ಹೇಳಿದಳು. ಅವನು ಸುತ್ತಿಗೆಯಿಂದ ಬೆಣೆಯನ್ನು ಒಳಗೆ ಬಡಿದ. ಮತ್ತೆ ತಿರುಪು, ಮತ್ತೆ ಬೆಣೆ. ಬಿರುಕುಬಿಟ್ಟ ಇಟ್ಟಿಗೆಗಳು ಒಂದೊಂದಾಗಿ ಬಿದ್ದವು. ಆದರೆ ಅಷ್ಟರಲ್ಲಿ ಬೆಣೆಗಳು ಭಾರ ಹೊತ್ತಿದ್ದವು. ಕಾಲಿನ ಮೇಲಿನ ಒತ್ತಡ ಇಳಿದಾಗ ಅಷ್ಟು ಹೊತ್ತು ಮರಗಟ್ಟಿದ್ದ ನೋವು ಒಮ್ಮೆಲೇ ಬಂತು. ಅವಳು ಗಂಡನ ಅಂಗಿಯನ್ನು ಕಚ್ಚಿ ಹಿಡಿದಳು. ಅವನು ಅವಳನ್ನು ಎತ್ತಿ ಹೊರಗೆ ಎಳೆದುಕೊಂಡ. ಫೈರ್ ಸರ್ವೀಸಿನವರು ಬಂದದ್ದು ಆಗಲೇ. ಸಂದಿಯಿಂದ ಅವಳನ್ನು ಸ್ಟ್ರೆಚರಿನಲ್ಲಿ ದಾಟಿಸಿ ಬೀದಿಗೆ ತಂದವರು ಅವರು.

ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ರಾಡು ಹಾಕಿದರು. ಕಾಲು ಉಳಿಯಿತು.

ಆಸ್ಪತ್ರೆಯಿಂದ ಬಂದಮೇಲೆ ಅವಳನ್ನು ಹೋಟೆಲಿನ ಹುಡುಗರು ಕುರ್ಚಿಯಲ್ಲಿ ಕೂರಿಸಿ ಮೇಲಿನ ಕೋಣೆಗೆ ಹೊತ್ತುತಂದರು. ಆಮೇಲೆ ತಿಂಗಳುಗಟ್ಟಲೆ ಅವಳು ಆ ಮೆಟ್ಟಿಲನ್ನು ಇಳಿಯಲಿಲ್ಲ. ಕೆಳಗೆ ದೋಸೆಯ ಕಾವಲಿ ಕೆರೆಯುವ ಸದ್ದು, ಬಸ್ಸುಗಳ ಹಾರ್ನು, ಬೇಬಿ ಚಿಲ್ಲರೆ ಕೇಳುವ ದನಿ. ಕ್ಯಾಶಿನಲ್ಲಿ ಕೂತಿದ್ದಾಗ ಅವಳು ಬೇಸರಪಟ್ಟಿದ್ದ ಬೀದಿಯೇ ಈಗ ಕಾಣಲು ಸಿಗುತ್ತಿರಲಿಲ್ಲ. ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಂಡಿತ್ತು. ಕೆಲವು ಸಲ ನಿದ್ದೆಯಲ್ಲಿ ಆ ಗೋಡೆ ಸರಿದುಬಂದಂತಾಗಿ ಅವಳು ಬೆವರಿ ಎದ್ದು ಕೂರುತ್ತಿದ್ದಳು.

ಬಂದವರೆಲ್ಲ ದೀಕ್ಷಿತನನ್ನು ಹೊಗಳಿದರು. ಗಂಡ ಅಂದರೆ ಹೀಗಿರಬೇಕು ಎಂದರು. ಅವಳು ಹೌದೆನ್ನುತ್ತಿದ್ದಳು. ಆದರೆ ತೋಳಿನ ಕೆಳಗೆ ಅವನ ಕೈ ಬಿಗಿದದ್ದು ಅವಳಿಗೆ ಮರೆಯಲಿಲ್ಲ. ಅವನಿಗೂ ಮರೆತಿರಲಿಲ್ಲ. ಒಂದು ಮಧ್ಯಾಹ್ನ ಅವಳಿಗೆ ಊಟ ತಂದಿಟ್ಟು, ಅಲ್ಲೇ ನಿಂತು, "ನಾನು ಆಗ ಎಳೀಲಿಕ್ಕೆ ಬಿಡ್ತಿದ್ದೆನಾ ಅಂತ ಗೊತ್ತಾಗುದಿಲ್ಲ," ಎಂದ.

"ನನಗೂ ಗೊತ್ತಾಗುದಿಲ್ಲ," ಎಂದಳು ನಿಶ್ಮಿತಾ.

ಕಾಂತಪ್ಪ ವಾರಕ್ಕೊಮ್ಮೆ ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನೋವು ಹೇಗುಂಟು ಎಂದು ಕೇಳುತ್ತಿದ್ದ. ಒಮ್ಮೆ, "ಆ ಮಿಲ್ಲನ್ನು ಕೊಟ್ಟುಬಿಡುವ. ಸಾಕು ಅದರ ಸಹವಾಸ. ಕಾಲು ಸರಿಯಾದ ಮೇಲೆ ಕ್ಯಾಶಿನಲ್ಲಿ ಕೂತ್ರೆ ಆಯ್ತು," ಎಂದು ಮೆಲ್ಲಗೆ ಹೇಳಿ ಹೊರಟ.

"ಅಣ್ಣ, ನಿಲ್ಲಿ," ಎಂದ ದೀಕ್ಷಿತ್.

ಕಾಂತಪ್ಪ ಮೆಟ್ಟಿಲಿನ ಮೇಲೆ ನಿಂತ.

"ಮಿಲ್ಲು ಕೊಡುದಿಲ್ಲ. ವಿಂಚ್ ಇರಲಿ, ಹತ್ತಿಸ್ಲಿಕ್ಕೆ ಬೇಕಾಗ್ತದೆ. ನಾನು ನಿನ್ನೆ ಮಣಲಿಗೆ ಹೋಗಿ ಆ ಕಮಾನು ಗಾಡಿಗೆ ಹೇಳಿ ಬಂದಿದ್ದೇನೆ. ಇವಳು ಬರ್ತಾಳಾ ಇಲ್ವಾ ಅವಳೇ ಹೇಳ್ತಾಳೆ."

ನಿಶ್ಮಿತಾಳಿಗೂ ಅದು ಹೊಸ ಸುದ್ದಿ. ಕಾಂತಪ್ಪ ಕತ್ತು ತಿರುಗಿಸದೆ ಕೇಳಿಸಿಕೊಂಡ. "ನೋಡ್ಕೊಳ್ಳಿ," ಎಂದು ಇಳಿದು ಹೋದ. ಆಮೇಲೆ ಬಹಳ ದಿನ ಅವನು ತಮ್ಮನ ಜೊತೆ ಹೋಟೆಲಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಗಂಡ ಹೆಂಡತಿ ಅದೇ ಕೋಣೆಗಳಲ್ಲೇ ಉಳಿದರು. ಬೇರೆ ಮನೆ ನೋಡುವ ಮಾತನ್ನು ದೀಕ್ಷಿತ್ ಒಮ್ಮೆ ತೆಗೆದವನು ಮತ್ತೆ ತೆಗೆಯಲಿಲ್ಲ. ಅವಳೂ ಕೇಳಲಿಲ್ಲ.

ದಿಮ್ಮಿ ಅಷ್ಟೂ ದಿನ ವಿಷ್ಣುತೀರ್ಥರ ಸಂದಿಯಲ್ಲೇ ಇತ್ತು. ಬೇರೆ ಯಾರನ್ನಾದರೂ ಕರೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ. ನಿಶ್ಮಿತಾ ಊರುಗೋಲಿನಲ್ಲಿ ನಡೆಯುವಂತಾದ ಮೇಲೆ ಕಮಾನು ಗಾಡಿಯನ್ನು ಅಲ್ಲಿಗೇ ಒಯ್ದರು. ಈ ಸಲ ಆಳುಗಳಿದ್ದರು. ಒಗೆಯುವ ಕಲ್ಲನ್ನು ಮೊದಲೇ ಕಿತ್ತಿದ್ದರು. ಗಾಡಿ ಸಂದಿಯಲ್ಲಿ ಎರಡೂ ಕಡೆ ಗೇಣು ಜಾಗ ಬಿಟ್ಟು ಒಳಗೆ ಹೋಯಿತು. ಸರಪಣಿ ಎಳೆದಂತೆ ದಿಮ್ಮಿಯ ತಲೆ ಸಲೀಸಾಗಿ ನೆಲದಿಂದ ಎದ್ದಿತು. ಅದು ಹೊರಬಂದು, ವಿಂಚಿನ ಹಗ್ಗದಲ್ಲಿ ಉರುಳಿ ಮಿಲ್ಲಿನ ಮೇಲೆ ಹತ್ತಿ ಕೂತಿತು. ಎಲ್ಲ ಸೇರಿ ಒಂದು ಕಾಫಿಯ ಹೊತ್ತು ಹಿಡಿದಿರಬೇಕು. ಸಂದಿಯ ಬಾಯಿಯಲ್ಲಿ ನಿಂತು ಅದನ್ನು ನೋಡುತ್ತಿದ್ದ ನಿಶ್ಮಿತಾಳಿಗೆ ಸಂತೋಷವಾಗಬೇಕಿತ್ತು. ಆದರೆ ಇಷ್ಟು ಸುಲಭವಿತ್ತಲ್ಲ ಎಂದೇ ಅವಳಿಗೆ ತೋರಿತು.

ಹಿತ್ತಲಿನಲ್ಲಿ ಇನ್ನೊಂದು ಸಣ್ಣ ತುಂಡು ಉಳಿದಿತ್ತು. "ಬಂದು ನೋಡ್ತೀಯಾ?" ದೀಕ್ಷಿತ್ ಆಳುಗಳ ಎದುರೇ ಕೇಳಿದ.

ಅವಳು ಸಂದಿಯೊಳಗೆ ಎರಡು ಹೆಜ್ಜೆ ಇಟ್ಟಳು. ಗಾರೆ ಉದುರಿದ ಜಾಗ ಕಂಡಿತು. ಊರುಗೋಲು ಮುಂದೆ ಹೋಗಲಿಲ್ಲ. ಅವಳು ಹಿಂದೆ ಸರಿದು ಬೀದಿಗೆ ಬಂದು ನಿಂತಳು.

ಕಿಟಕಿಯಿಂದ ನೋಡುತ್ತಿದ್ದ ಲಕ್ಷ್ಮಿ ಮುಂಬಾಗಿಲು ತೆರೆದರು. "ಆ ಕಡೆ ಬೇಡಮ್ಮಾ. ಉಳ್ಳೆ ಬಾ, ಮನೆಯೊಳಗಿಂದ ಹೋಗೋಣ," ಎಂದರು.

ಅವರ ತೋಳು ಹಿಡಿದು ನಿಶ್ಮಿತಾ ಹಜಾರ ದಾಟಿದಳು, ಅಡುಗೆಮನೆ ದಾಟಿದಳು. ಹಿಂಬಾಗಿಲ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು ಉಸಿರು ಸುಧಾರಿಸಿಕೊಂಡಳು. ಆಮೇಲೆ ಉಳಿದ ತುಂಡನ್ನು ನೋಡಿ, ಅದರ ಯಾವ ತುದಿಗೆ ಸರಪಣಿ ಹಾಕಬೇಕೆಂದು ದೀಕ್ಷಿತನಿಗೆ ಹೇಳಿದಳು.